ಕಿಟಕಿ ತೋಟ: ಜ್ವರಕ್ಕೆ ಕೂತ ಕಲ್ಲಿಗೆ ನೀರು ಬೇಡ

ಈ ಸಲದ ಅಂಕಣ ಒಂದೇ ಒಂದು ಪತ್ರಕ್ಕೆ ಮೀಸಲು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಓದುಗರೊಬ್ಬರು ಕಳಿಸಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

"ಮೇಡಂ, ನಮ್ಮ ಲೈನಲ್ಲಿ ಕೆಲಸ ಮಾಡ್ತಿದ್ದ ಅಕ್ಕ ಒಬ್ರು ಸೆಪ್ಟೆಂಬರ್‌ನಲ್ಲಿ ಕೆಲಸ ಬಿಟ್ಟು ಊರಿಗೆ ಹೋದ್ರು. ಹೋಗುವಾಗ ಎರಡು ಲಿವಿಂಗ್ ಸ್ಟೋನ್ ಗಿಡ ಕೈಗೆ ಕೊಟ್ಟು, ‘ಇವನ್ನ ಸಾಯಿಸಬೇಡ ಕಣೋ’ ಅಂದ್ರು. ನನಗೆ ವಾರಕ್ಕೊಂದು ಶಿಫ್ಟ್. ಮರೆತುಹೋಗಬಾರದು ಅಂತ ದಿನಾ ಡ್ಯೂಟಿಗೆ ಹೊರಡೋ ಮುಂಚೆ ಎರಡಕ್ಕೂ ಬಾಟಲಿ ಮುಚ್ಚಳದಲ್ಲಿ ಒಂದೊಂದು ಮುಚ್ಚಳ ನೀರು ಹಾಕ್ತಿದ್ದೆ. ಡಿಸೆಂಬರ್‌ನಲ್ಲಿ ಒಂದು ಮೆತ್ತಗಾಗಿ ಕೊಳೆತುಹೋಯ್ತು. ಹೆದರಿಕೊಂಡು ಇನ್ನೊಂದಕ್ಕೆ ನೀರು ನಿಲ್ಲಿಸಿದೆ. ಈಗ ಫೆಬ್ರವರಿ, ಅದೂ ಸುಕ್ಕುಗಟ್ಟಿದೆ, ಮಧ್ಯೆ ಸೀಳು ಬಿಟ್ಟಿದೆ. ರೂಮ್‌ಮೇಟ್ ‘ಒಣಗ್ತಾ ಇದೆ, ನೀರು ಹಾಕೋ’ ಅಂತಾನೆ. ಮನೇಲಿ ಅಮ್ಮನೂ ಅದನ್ನೇ ಹೇಳ್ತಾರೆ. ನಮ್ಮದು ಮಾಗಡಿ ಕಡೆ, ರೇಷ್ಮೆ ಸಾಕೋ ಮನೆ. ಅಕ್ಕ ಫೋನ್ ಮಾಡಿದಾಗೆಲ್ಲ ‘ನನ್ನ ಕಲ್ಲುಗಳು ಹೇಗಿವೆ’ ಅಂತಾರೆ. ಒಂದು ಹೋಯ್ತು ಅಂತ ಇನ್ನೂ ಹೇಳಿಲ್ಲ. ಉಳಿದಿರೋದಕ್ಕೆ ನೀರು ಹಾಕ್ಲಾ, ಬೇಡ್ವಾ?"

ಜೊತೆಗೆ ಒಂದು ಫೋಟೋ ಕಳಿಸಿದ್ದಾರೆ. ಬೂದು ಬಣ್ಣದ ಎರಡು ದಪ್ಪ ಎಲೆಗಳು ಆಚೆ ಈಚೆ ವಾಲಿವೆ, ಬದಿಯಲ್ಲಿ ಸುಕ್ಕು. ನಡುವಿನ ಸೀಳಿನೊಳಗೆ ಬಟಾಣಿ ಗಾತ್ರದ ಇನ್ನೊಂದು ಜೋಡಿ ಇಣುಕುತ್ತಿದೆ. ಹೊಸ ಜೋಡಿಯ ಸೀಳು ಹಳೆಯದಕ್ಕೆ ಅಡ್ಡಡ್ಡವಾಗಿದೆ.

ಉತ್ತರ ಮೊದಲೇ ಹೇಳಿಬಿಡ್ತೀನಿ: ಹಾಕಬೇಡಿ. ಒಂದು ಮುಚ್ಚಳವೂ ಬೇಡ. ನಿಮ್ಮ ಗಿಡ ಸಾಯ್ತಾ ಇಲ್ಲ, ಪೊರೆ ಬಿಡ್ತಾ ಇದೆ. ಯಾಕೆ ಅನ್ನೋದನ್ನ ನಿಮ್ಮ ಮನೆಯ ಭಾಷೆಯಲ್ಲೇ ಹೇಳಬಹುದು.

ರೇಷ್ಮೆ ಮನೆಯ ಲೆಕ್ಕ

ರೇಷ್ಮೆ ಹುಳು ಗೂಡು ಕಟ್ಟೋದರೊಳಗೆ ನಾಲ್ಕು ಸಲ ಪೊರೆ ಬಿಡುತ್ತೆ. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಮನೆಗಳಲ್ಲಿ ಇದಕ್ಕೆ ‘ಜ್ವರ’ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತೆ. ಗೊತ್ತಿಲ್ಲದವರು ನೋಡಿದರೆ ಕಾಯಿಲೆ ಬಂದಿದೆ ಅಂದುಕೊಳ್ಳಬೇಕು, ಹಾಗಿರುತ್ತೆ.

ಆಗ ನಿಮ್ಮಮ್ಮ ಏನು ಮಾಡ್ತಾರೆ? ಸೊಪ್ಪು ನಿಲ್ಲಿಸ್ತಾರೆ. ಹಾಸಿಗೆ ಒದ್ದೆಯಾಗದ ಹಾಗೆ ಸುಣ್ಣದ ಪುಡಿ ಉದುರಿಸ್ತಾರೆ. ಗಾಳಿ ಆಡೋಕೆ ಬಿಡ್ತಾರೆ, ಹುಳುಗಳನ್ನ ಮುಟ್ಟಲ್ಲ. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆ ಮತ್ತೆ ಸೊಪ್ಪು ಕೊಡ್ತಾರೆ. ‘ಪಾಪ, ಹಸಿದಿದ್ದಾವೆ’ ಅಂತ ಮಧ್ಯೆ ಹಸಿ ಸೊಪ್ಪು ಹಾಕಿದರೆ ಹಾಸಿಗೆಯಲ್ಲಿ ತೇವ ಕೂತು ರೋಗ ಬರುತ್ತೆ, ಹುಳುಗಳೆಲ್ಲ ಹಿಂದೆಮುಂದೆ ಆಗ್ತವೆ.

ಲಿವಿಂಗ್ ಸ್ಟೋನ್ ಮಾಡ್ತಿರೋದೂ ಇದನ್ನೇ. ವ್ಯತ್ಯಾಸ ಅವಧಿಯದ್ದು. ಹುಳುವಿನ ಜ್ವರ ಸುಮಾರು ಒಂದು ದಿನ. ಈ ಗಿಡದ ಜ್ವರ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ.

ಅಮ್ಮನಿಗೆ ಫೋನ್ ಮಾಡಿ ‘ಗಿಡ ಜ್ವರಕ್ಕೆ ಕೂತಿದೆ’ ಅಂತ ಮಾತ್ರ ಹೇಳಿ. ನೀರು ಹಾಕು ಅನ್ನೋ ಮಾತನ್ನ ಅವರೇ ವಾಪಸ್ ತಗೋತಾರೆ.

ಒಳಗೆ ಏನು ನಡೀತಿದೆ

ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಲಿಥಾಪ್ಸ್. ಗ್ರೀಕ್‌ನಲ್ಲಿ ‘ಲಿಥೋಸ್’ ಅಂದರೆ ಕಲ್ಲು, ‘ಆಪ್ಸ್’ ಅಂದರೆ ಮುಖ. ತವರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣ ಕಲ್ಲುನೆಲ. 1811ರಲ್ಲಿ ವಿಲಿಯಂ ಬರ್ಚೆಲ್ ಅನ್ನೋ ಇಂಗ್ಲಿಷ್ ಪ್ರವಾಸಿ ಅಲ್ಲಿನ ಪ್ರೀಸ್ಕಾ ಊರಿನ ಹತ್ತಿರ ವಿಚಿತ್ರ ಆಕಾರದ ಬೆಣಚುಕಲ್ಲು ಅಂದುಕೊಂಡು ಎತ್ತಿಕೊಂಡದ್ದು ಗಿಡ ಆಗಿತ್ತು. ಲಿಥಾಪ್ಸ್ ಅನ್ನೋ ಹೆಸರು ಬಂದದ್ದು ಬಹಳ ತಡವಾಗಿ, 1922ರಲ್ಲಿ, ಎನ್. ಇ. ಬ್ರೌನ್ ಅನ್ನೋ ಸಸ್ಯಶಾಸ್ತ್ರಜ್ಞರಿಂದ.

ಒಂದು ತಲೆಗೆ ಒಂದೇ ಜೋಡಿ ಎಲೆ. ಕಾಂಡ ಇದೆಯೋ ಇಲ್ಲವೋ ಅನ್ನುವಷ್ಟು ಕಮ್ಮಿ. ತವರಿನಲ್ಲಿ ದೇಹವೆಲ್ಲ ಮಣ್ಣಿನೊಳಗೆ, ಮೇಲ್ಭಾಗ ಮಾತ್ರ ನೆಲದ ಮಟ್ಟಕ್ಕೆ. ಆ ಮೇಲ್ಭಾಗದಲ್ಲಿ ಕಾಣುವ ಚಿತ್ತಾರ ಬರೀ ಅಲಂಕಾರ ಅಲ್ಲ, ಅದು ಕಿಟಕಿ. ಗಾಜಿನ ಹಾಗೆ ಬೆಳಕನ್ನ ಒಳಗೆ ಬಿಡುತ್ತೆ. ಹಸಿರು ಭಾಗ ಒಳಗೋಡೆಯಲ್ಲಿದ್ದು ಅಲ್ಲೇ ಅಡುಗೆ ನಡೆಯುತ್ತೆ.

ಇದು ನೈಟ್ ಶಿಫ್ಟ್ ಗಿರಾಕಿ ಕೂಡ. ಬಹುತೇಕ ಗಿಡಗಳು ಹಗಲು ಉಸಿರಾಟದ ರಂಧ್ರ ತೆಗೆದು ಇಂಗಾಲದ ಡೈ ಆಕ್ಸೈಡ್ ತಗೋತವೆ. ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತೆ. ಲಿಥಾಪ್ಸ್ ಹಗಲು ಬಾಗಿಲು ಮುಚ್ಚಿ, ರಾತ್ರಿ ತಂಪಲ್ಲಿ ತೆಗೆದು, ಸಿಕ್ಕಿದ್ದನ್ನ ಆಮ್ಲದ ರೂಪದಲ್ಲಿ ಕೂಡಿಟ್ಟು, ಮಾರನೇ ದಿನ ಬಿಸಿಲಲ್ಲಿ ಬಳಸಿಕೊಳ್ಳುತ್ತೆ. ಅದಕ್ಕೇ ಇಷ್ಟು ಕಮ್ಮಿ ನೀರಲ್ಲಿ ಬದುಕುತ್ತೆ.

ಈಗ ಜ್ವರದ ವಿಷಯ. ಚಳಿಗಾಲದಲ್ಲಿ ಹಳೆಯ ಎಲೆಗಳೊಳಗೆ ಹೊಸ ಜೋಡಿ ಹುಟ್ಟುತ್ತೆ. ಅದಕ್ಕೆ ಬೇಕಾದ ನೀರು, ಸತ್ವ ಎಲ್ಲ ಹಳೆಯ ಎಲೆಯಿಂದಲೇ ಬರಬೇಕು. ಹಳೆಯದು ಸುಕ್ಕಾಗಿ, ತೆಳ್ಳಗಾಗಿ, ಕೊನೆಗೆ ಈರುಳ್ಳಿ ಸಿಪ್ಪೆಯ ಹಾಗೆ ಉಳಿಯುತ್ತೆ. ನಿಮ್ಮ ರೂಮ್‌ಮೇಟ್ ನೋಡ್ತಿರೋ ಸುಕ್ಕು ಇದೇ. ಹಳೆಯ ಟ್ಯಾಂಕ್ ಖಾಲಿಯಾಗ್ತಿದೆ, ಹೊಸ ಟ್ಯಾಂಕ್ ತುಂಬ್ತಿದೆ.

ಈ ಹೊತ್ತಲ್ಲಿ ಬೇರಿಗೆ ನೀರು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಹಳೆಯ ಎಲೆ ಮತ್ತೆ ಊದಿಕೊಳ್ಳುತ್ತೆ, ಖಾಲಿಯಾಗಲ್ಲ. ಹೊಸದಕ್ಕೆ ಜಾಗ ಸಾಲದೆ ಇಕ್ಕಟ್ಟಲ್ಲಿ ಬೆಳೆಯುತ್ತೆ. ಒಂದರ ಮೇಲೊಂದು ಎರಡು ಜೋಡಿ ನಿಂತ ಗಿಡ ನೋಡಿದರೆ ಅದಕ್ಕೆ ಚಳಿಗಾಲದಲ್ಲಿ ಯಾರೋ ನೀರು ಹಾಕಿದ್ದಾರೆ ಅಂತ ತಿಳೀಬಹುದು. ಇನ್ನೂ ಕೆಟ್ಟದಾದರೆ ಚರ್ಮ ಸೀಳಿ, ಅಲ್ಲಿಂದ ಕೊಳೆ ಶುರುವಾಗುತ್ತೆ.

ಮೊದಲನೆಯದು ಯಾಕೆ ಹೋಯ್ತು

ದಿನಕ್ಕೊಂದು ಮುಚ್ಚಳ ಅಂದರೆ ಕಮ್ಮಿ ಅನ್ನಿಸುತ್ತೆ. ತೊಂದರೆ ನೀರಿನ ಅಳತೆಯಲ್ಲಿಲ್ಲ, ‘ದಿನಾ’ ಅನ್ನೋದರಲ್ಲಿದೆ. ಮಣ್ಣು ಒಣಗೋಕೆ ಬಿಡುವೇ ಸಿಗಲಿಲ್ಲ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ತುಂಬಿದ್ದರೆ ಸಣ್ಣ ಬೇರುಗಳು ಉಸಿರುಗಟ್ಟಿ ಸಾಯುತ್ತವೆ, ಸತ್ತ ಬೇರಿನ ದಾರಿಯಲ್ಲಿ ಶಿಲೀಂಧ್ರ ಒಳಗೆ ಹೋಗುತ್ತೆ. ಮೇಲ್ಗಡೆ ಗೊತ್ತಾಗೋ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತೆ.

ಇನ್ನೊಂದು ಕಾರಣವನ್ನೂ ಸೇರಿಸಬೇಕು. ನರ್ಸರಿಯಿಂದ ಬರುವ ಎಷ್ಟೋ ಗಿಡಗಳು ಕೋಕೋಪೀಟ್‌ನಲ್ಲಿರುತ್ತವೆ. ತೆಂಗಿನ ನಾರಿನ ಪುಡಿ ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತೆ. ಸೇವಂತಿಗೆಗೆ ಅದು ಒಳ್ಳೆಯದು, ಲಿಥಾಪ್ಸ್‌ಗೆ ಅಲ್ಲ.

ಸತ್ತಿದೆಯೋ, ಜ್ವರವೋ, ಬಾಯಾರಿಕೆಯೋ ಅಂತ ತಿಳಿಯೋಕೆ ಬೆರಳು ಸಾಕು:

• ಸುಕ್ಕಿದೆ, ಸೀಳಿನಲ್ಲಿ ಹೊಸ ಎಲೆ ಕಾಣ್ತಿದೆ: ಜ್ವರ. ಏನೂ ಮಾಡಬೇಡಿ.

• ಹೊಸ ಎಲೆ ಇಲ್ಲ, ಹಳೆಯ ಎಲೆಯ ಬದಿಯಲ್ಲಿ ಸುಕ್ಕು, ಒತ್ತಿದರೆ ಸ್ವಲ್ಪ ಮೆದು, ಬಣ್ಣ ಸರಿಯಾಗಿದೆ: ಬಾಯಾರಿಕೆ. ನೀರು ಕೊಡಬಹುದು.

• ಕಂದು ಅಥವಾ ನೀರು ತುಂಬಿದ ಹಾಗೆ ಬಣ್ಣ, ಮುಟ್ಟಿದರೆ ಮಾಗಿದ ಬಾಳೆಹಣ್ಣಿನ ಹಾಗೆ, ಕೆಟ್ಟ ವಾಸನೆ: ಕೊಳೆತಿದೆ. ಉಳಿಸೋಕಾಗಲ್ಲ. ಮಣ್ಣಿನ ಸಮೇತ ಎಸೆಯಿರಿ, ಆ ಮಣ್ಣನ್ನ ಇನ್ನೊಂದಕ್ಕೆ ಹಾಕಬೇಡಿ.

ಮಣ್ಣಿಗಿಂತ ಕಲ್ಲು ಜಾಸ್ತಿ

ಆನ್‌ಲೈನ್‌ನಲ್ಲಿ ದುಬಾರಿ ‘ಸಕ್ಯುಲೆಂಟ್ ಮಿಕ್ಸ್’ ತರಿಸಬೇಕಾಗಿಲ್ಲ. ನೀವಿರೋದೇ ಕಲ್ಲಿನ ಸೀಮೆಯಲ್ಲಿ. ರಾಮನಗರದ ಬೆಟ್ಟಗಳ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ಕ್ಲೋಸ್‌ಪೇಟೆ ಅನ್ನೋದು ರಾಮನಗರದ ಹಳೆಯ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಗಟ್ಟಿ ಬಂಡೆಯ ಚೂರು ಈ ಗಿಡಕ್ಕೆ ಹೇಳಿ ಮಾಡಿಸಿದ್ದು.

ಮನೆ ಕಟ್ಟುತ್ತಿರುವ ಕಡೆ ಕೇಳಿಕೊಂಡು ಒಂದು ಚೀಲ ಎಂ-ಸ್ಯಾಂಡ್ ತನ್ನಿ. ಜರಡಿ ಹಿಡಿಯಿರಿ. ರಾಗಿ ಕಾಳಿಗಿಂತ ಸಣ್ಣದು ಬೇಡ, ಅದೆಲ್ಲ ಗಾರೆಯ ಹಾಗೆ ಗಟ್ಟಿಯಾಗುತ್ತೆ. ರಾಗಿಯಿಂದ ಜೋಳದ ಕಾಳಿನ ಗಾತ್ರದವರೆಗೆ ಉಳಿಸಿಕೊಳ್ಳಿ. ತೊಳೆದು ಒಣಗಿಸಿ. ಈ ಚೂರು ಮೂರು ಬಟ್ಟಲು, ಜರಡಿ ಹಿಡಿದ ಕೆಮ್ಮಣ್ಣು ಒಂದು ಬಟ್ಟಲು ಬೆರೆಸಿ. ಗೊಬ್ಬರ ಬೇಡ. ಎರೆಹುಳು ಗೊಬ್ಬರವೂ ಬೇಡ.

ಕುಂಡ ಕನಿಷ್ಠ ನಾಲ್ಕು ಇಂಚು ಆಳ ಇರಲಿ. ಗಿಡ ಪುಟ್ಟದು, ಆದರೆ ತಾಯಿಬೇರು ನೇರ ಕೆಳಗಿಳಿಯುತ್ತೆ. ತಳದಲ್ಲಿ ತೂತು ಇರಲೇಬೇಕು. ಕಾಫಿ ಮಗ್, ಗಾಜಿನ ಬಟ್ಟಲು ಫೋಟೋಗೆ ಚೆನ್ನ, ಗಿಡಕ್ಕೆ ಅಲ್ಲ. ತವರಿನಲ್ಲಿ ಹೂತುಕೊಂಡಿರುತ್ತೆ ಅಂತ ಇಲ್ಲೂ ಕತ್ತಿನವರೆಗೆ ಹೂಳಬೇಡಿ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ದೇಹದ ಹೆಚ್ಚಿನ ಭಾಗ ಮೇಲಿರಲಿ, ಸುತ್ತ ಸಣ್ಣ ಕಲ್ಲು ಒತ್ತಿಡಿ.

ಆದರೆ ಈಗಲೇ ಕುಂಡ ಬದಲಿಸೋಕೆ ಹೋಗಬೇಡಿ. ಜ್ವರಕ್ಕೆ ಕೂತದ್ದನ್ನ ಮುಟ್ಟಬಾರದು. ಹಳೆಯ ಎಲೆ ಪೂರ್ತಿ ಒಣಗಿದ ಮೇಲೆ ಮಾಡಿ. ಆ ಒಣಸಿಪ್ಪೆಯನ್ನ ಎಳೆದು ಕೀಳೋ ಆಸೆ ಎಲ್ಲರಿಗೂ ಬರುತ್ತೆ, ತಡೆದುಕೊಳ್ಳಿ. ತಾನಾಗೇ ಬಿಡುತ್ತೆ.

ಬೆಳಕು: ಡೆಸ್ಕ್ ಮೇಲಲ್ಲ, ಕಿಟಕಿಯಲ್ಲಿ

ಆಫೀಸ್ ಡೆಸ್ಕ್‌ಗೆ ಅಂತಲೇ ಇದನ್ನ ಮಾರ್ತಾರೆ. ಡೆಸ್ಕ್ ಮೇಲಿನ ಟ್ಯೂಬ್‌ಲೈಟ್ ಸಾಲಲ್ಲ. ಬೆಳಕು ಸಾಲದಿದ್ದರೆ ಕಲ್ಲಿನ ಹಾಗೆ ಚಪ್ಪಟೆ ಇರಬೇಕಾದ್ದು ಬೆರಳಿನ ಹಾಗೆ ಉದ್ದವಾಗುತ್ತೆ, ಬಣ್ಣ ಕಳೆದುಕೊಳ್ಳುತ್ತೆ, ಒಂದು ಕಡೆಗೆ ವಾಲುತ್ತೆ. ಉದ್ದವಾದ ಎಲೆ ಮತ್ತೆ ಗಿಡ್ಡ ಆಗಲ್ಲ, ಮುಂದಿನ ಜ್ವರದಲ್ಲಿ ಬರುವ ಹೊಸ ಜೋಡಿವರೆಗೂ ಕಾಯಬೇಕು.

ಬೆಳಗಿನ ನೇರ ಬಿಸಿಲು ನಾಲ್ಕೈದು ಗಂಟೆ ಸಿಕ್ಕರೆ ಒಳ್ಳೆಯದು. ಪೂರ್ವದ ಕಿಟಕಿಯ ಗ್ರಿಲ್ ಅತ್ಯುತ್ತಮ. ರೂಮಿಗೆ ಪಶ್ಚಿಮದ ಕಿಟಕಿ ಮಾತ್ರ ಇದ್ದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ತೆಳು ಪರದೆ ಎಳೆಯಿರಿ. ತಾರಸಿಯ ಕಾಂಕ್ರೀಟ್ ಮೇಲೆ ಏಪ್ರಿಲ್‌ನಲ್ಲಿ ಕುಂಡ ಇಟ್ಟರೆ ಬೇರು ಬೇಯುತ್ತೆ. ಹಲಗೆ ಅಥವಾ ಇಟ್ಟಿಗೆ ಮೇಲಿಡಿ.

ಒಳಗಿದ್ದ ಗಿಡವನ್ನ ಒಂದೇ ದಿನಕ್ಕೆ ಬಿಸಿಲಿಗೆ ಇಡಬೇಡಿ, ಚರ್ಮ ಸುಟ್ಟು ಬಿಳಿ ಕಲೆ ಬೀಳುತ್ತೆ, ಆ ಕಲೆ ಹೋಗಲ್ಲ. ಹತ್ತು ಹದಿನೈದು ದಿನದಲ್ಲಿ ದಿನಕ್ಕೆ ಅರ್ಧ ಗಂಟೆಯ ಹಾಗೆ ಹೆಚ್ಚಿಸಿ.

ಲಾರಿಗಳು ಓಡಾಡೋ ರಸ್ತೆಯ ಪಕ್ಕ ರೂಮಿದ್ದರೆ ಧೂಳು ಕೂರುತ್ತೆ. ಧೂಳು ಕೂತ ಕಿಟಕಿಯಿಂದ ಬೆಳಕು ಹೇಗೆ ಬರಲ್ಲವೋ, ಈ ಎಲೆಯ ಕಿಟಕಿಗೂ ಹಾಗೇ. ಪೇಂಟ್ ಮಾಡೋ ಮೆತ್ತನೆಯ ಒಣ ಬ್ರಷ್‌ನಿಂದ ಆಗಾಗ ಒರೆಸಿ.

ನೀರು ಕೊಡೋ ರೀತಿ

ಕೊಟ್ಟರೆ ಪೂರ್ತಿ ಕೊಡಿ, ಇಲ್ಲದಿದ್ದರೆ ಕೊಡಲೇಬೇಡಿ. ತಳದ ತೂತಿನಿಂದ ನೀರು ಹರಿಯುವಷ್ಟು ಮಣ್ಣಿಗೆ ಹಾಕಿ, ಎಲೆಯ ಸೀಳಿನೊಳಗೆ ಬೀಳದ ಹಾಗೆ. ತಟ್ಟೆಯಲ್ಲಿ ನಿಂತದ್ದನ್ನ ಚೆಲ್ಲಿಬಿಡಿ. ಆಮೇಲೆ ಮಣ್ಣು ಪೂರ್ತಿ ಒಣಗೋವರೆಗೆ ಮತ್ತೆ ಕೊಡಬೇಡಿ. ಒಣಗಿದ ಕುಂಡ ಎತ್ತಿ ನೋಡಿ ತೂಕ ನೆನಪಿಟ್ಟುಕೊಂಡರೆ, ಮುಂದೆ ಎತ್ತಿದ ತಕ್ಷಣ ಗೊತ್ತಾಗುತ್ತೆ. ಸಂಜೆ ಕೊಡೋದು ಒಳ್ಳೆಯದು.

ಬಾಯಾರಿಕೆ ನಿಜವೋ ಅಂತ ನೋಡೋಕೆ ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆ ಸರಿಯಾದ ಹೊತ್ತು. ಮಧ್ಯಾಹ್ನದ ಬಿಸಿಲಿಗೆ ಸುಕ್ಕಾದ ಗಿಡ ರಾತ್ರಿ ಕಳೆದ ಮೇಲೆ ಸರಿಹೋಗಿದ್ದರೆ ನೀರು ಬೇಡ. ಬೆಳಿಗ್ಗೆಯೂ ಸುಕ್ಕು ಹಾಗೇ ಇದ್ದು, ಹೊಸ ಎಲೆ ಕಾಣದಿದ್ದರೆ, ಅವತ್ತು ಸಂಜೆ ಕೊಡಿ.

ಒಂದು ಮಾತು ನೆನಪಿಡಿ. ನಮ್ಮ ಕಡೆ ಮಳೆ ಜೋರಾಗಿ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಲಿಥಾಪ್ಸ್ ನೀರು ಕುಡಿಯೋದೂ ಅದೇ ತಿಂಗಳುಗಳಲ್ಲಿ. ಹಾಗಂತ ಮಳೆಗೆ ಬಿಟ್ಟರೆ ಒಂದು ವಾರದ ಜಡಿಮಳೆ ಸಾಕು, ಗಿಡ ಹೋಗುತ್ತೆ. ಸಜ್ಜೆಯ ಕೆಳಗೆ ಗಾಳಿ, ಬೆಳಕು ಎರಡೂ ಬರುವ ಕಡೆ ಇಡಿ.

ವರ್ಷದ ಪಟ್ಟಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

• ಡಿಸೆಂಬರ್‌ನಿಂದ ಮಾರ್ಚ್: ಜ್ವರ. ನೀರಿಲ್ಲ.

• ಮಾರ್ಚ್ ಕೊನೆ, ಏಪ್ರಿಲ್: ಹಳೆಯ ಎಲೆ ಒಣಸಿಪ್ಪೆ ಆದ ಮೇಲೆ ಒಂದು ಸಲ ಪೂರ್ತಿ ನೀರು.

• ಏಪ್ರಿಲ್, ಮೇ: ಬಿರುಬೇಸಿಗೆ, ಗಿಡ ನಿದ್ದೆಯಲ್ಲಿರುತ್ತೆ. ಬೆಳಿಗ್ಗೆಯೂ ಸುಕ್ಕು ಹೋಗದಿದ್ದರೆ ಮಾತ್ರ ಸಂಜೆ ಸ್ವಲ್ಪ.

• ಜೂನ್‌ನಿಂದ ಆಗಸ್ಟ್: ಮೋಡದ ದಿನಗಳು. ತಿಂಗಳಿಗೊಮ್ಮೆ ಸಾಕಾಗಬಹುದು. ಮಳೆಯಿಂದ ಕಾಪಾಡಿ.

• ಸೆಪ್ಟೆಂಬರ್‌ನಿಂದ ನವೆಂಬರ್: ಬೆಳೆಯೋ ಕಾಲ. ಮಣ್ಣು ಒಣಗಿದ ಮೇಲೆ, ಹದಿನೈದು ಇಪ್ಪತ್ತು ದಿನಕ್ಕೊಮ್ಮೆ. ಹೂ ಬಂದರೆ ಈಗಲೇ.

ತಿಂಗಳು ಅಂದಾಜು ಮಾತ್ರ. ಪಟ್ಟಿಗೂ ಗಿಡಕ್ಕೂ ಜಗಳ ಬಂದರೆ ಗಿಡ ಹೇಳಿದ್ದೇ ಸರಿ. ಜ್ವರ ಏಪ್ರಿಲ್‌ವರೆಗೆ ಎಳೆದರೆ ನೀವೂ ಏಪ್ರಿಲ್‌ವರೆಗೆ ಕಾಯಬೇಕು.

ಕೊಂಡುಕೊಳ್ಳೋ ಮುಂಚೆ

ಕೊಳೆತದ್ದರ ಜಾಗಕ್ಕೆ ಇನ್ನೊಂದು ತರೋ ಯೋಚನೆ ಇದ್ದರೆ ಸ್ವಲ್ಪ ಕಾಯಿರಿ. ಇದೊಂದರ ಜ್ವರ ಬಿಡಲಿ. ಆಮೇಲೆ ‘ಲೆಸ್ಲಿಯೈ’ ಅಥವಾ ‘ಆಕಾಂಪಿಯೆ’ ಅನ್ನೋ ಜಾತಿ ಕೇಳಿ. ಎರಡೂ ಬೇಸಿಗೆಯಲ್ಲಿ ಮಳೆ ಬೀಳೋ ಸೀಮೆಯವು, ಹೊಸಬರ ತಪ್ಪುಗಳನ್ನ ಬೇರೆಯವಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ. ಹಳದಿ ಹೂ ಬಿಡುತ್ತವೆ, ಮಧ್ಯಾಹ್ನ ಅರಳಿ ಸಂಜೆ ಮುಚ್ಚಿಕೊಳ್ಳುತ್ತವೆ.

ಆನ್‌ಲೈನ್‌ನಲ್ಲಿ ಕಡು ನೀಲಿ, ಕಾಮನಬಿಲ್ಲಿನ ಬಣ್ಣದ ಲಿಥಾಪ್ಸ್ ಬೀಜ ಮಾರ್ತಾರೆ. ನೀಲಿ ಲಿಥಾಪ್ಸ್ ಅನ್ನೋದೇ ಇಲ್ಲ, ಅದು ಕಂಪ್ಯೂಟರ್‌ನಲ್ಲಿ ಹಚ್ಚಿದ ಬಣ್ಣ. ಬೂದು, ಕಂದು, ಹಸಿರು, ಇಟ್ಟಿಗೆ ಕೆಂಪು, ಅಪರೂಪಕ್ಕೆ ನೇರಳೆ ಛಾಯೆ, ಅಷ್ಟೇ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಪುಟ್ಟ ಗಿಡಗಳನ್ನ ಕಾಡಿನಿಂದ ಕದ್ದು ಕಿತ್ತು ಸಾಗಿಸೋದು ದೊಡ್ಡ ಸಮಸ್ಯೆಯಾಗಿದೆ. ‘ಬೀಜದಿಂದ ಬೆಳೆಸಿದ್ದಾ’ ಅಂತ ನರ್ಸರಿಯಲ್ಲಿ ಕೇಳಿ.

ಗಿಡದ ಚೀಟಿಯಲ್ಲಿ ‘ಸಿ’ ಅಕ್ಷರದ ಮುಂದೆ ಒಂದು ನಂಬರ್ ಇದ್ದರೆ ಎಸೆಯಬೇಡಿ. ಡೆಸ್ಮಂಡ್ ಕೋಲ್ ಅನ್ನೋ ದಕ್ಷಿಣ ಆಫ್ರಿಕಾದ ಪ್ರೊಫೆಸರ್, ಹೆಂಡತಿ ನೌರೀನ್ ಜೊತೆ ವರ್ಷಗಟ್ಟಲೆ ಸುತ್ತಿ, ಯಾವ ಲಿಥಾಪ್ಸ್ ಯಾವ ಜಾಗದ್ದು ಅಂತ ಕೊಟ್ಟ ನಂಬರ್ ಅದು. ಅವರ ಕೆಲಸ ಸಸ್ಯಶಾಸ್ತ್ರ ಅಲ್ಲ, ಆಫ್ರಿಕನ್ ಭಾಷೆಗಳ ಪಾಠ ಹೇಳೋದು. ನಮ್ಮ ಹಾಗೆ ಅವರಿಗೂ ಇದು ಬಿಡುವಿನ ವೇಳೆಯ ಹವ್ಯಾಸವೇ.

ತಂದ ಮೇಲೆ ಕುಂಡದ ಕಡೆ ಆಗಾಗ ಕಣ್ಣಾಡಿಸಿ. ಸೀಳಿನಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟು ತಿಗಣೆ. ಕಿವಿ ಒರೆಸೋ ಹತ್ತಿಕಡ್ಡಿಯನ್ನ ಸ್ಪಿರಿಟ್‌ನಲ್ಲಿ ಅದ್ದಿ ಮುಟ್ಟಿಸಿ ತೆಗೆಯಿರಿ. ಹಕ್ಕಿ, ಇಲಿ, ಕೋತಿ ಇವನ್ನ ತಿಂಡಿ ಅಂದುಕೊಳ್ಳುತ್ತವೆ. ತೆರೆದ ಬಾಲ್ಕನಿಯಾದರೆ ಮೇಲೊಂದು ಜಾಲರಿ ಮುಚ್ಚಿ.

ಅಕ್ಕನಿಗೆ ಏನು ಹೇಳೋದು

ನಡೆದದ್ದನ್ನ ನಡೆದ ಹಾಗೇ ಹೇಳಿ. ಮುಂದಿನ ಸಲ ಫೋನ್ ಬಂದಾಗಲೇ. ಗಿಡ ಸಾಕಿದವರಿಗೆ ಗಿಡ ಸಾಯೋದು ಗೊತ್ತಿರುತ್ತೆ. ಅದರಲ್ಲೂ ಲಿಥಾಪ್ಸ್ ಸಾಕಿದವರಿಗೆ ಚೆನ್ನಾಗೇ ಗೊತ್ತಿರುತ್ತೆ. ನೀವು ಕಾಳಜಿ ಮಾಡದೆ ಒಂದು ಹೋದದ್ದಲ್ಲ, ದಿನಾ ತಪ್ಪದೆ ಮಾಡಿ ಹೋಯ್ತು. ಹೇಳದೆ ಇಟ್ಟುಕೊಂಡಷ್ಟು ದಿನ ಅವರ ಫೋನ್ ಎತ್ತೋಕೆ ನಿಮಗೇ ಹಿಂಜರಿಕೆ ಆಗುತ್ತೆ. ಒಂದು ಗಿಡದ ಜೊತೆ ಅದೂ ಹೋಗೋದು ಬೇಡ.

ಹೇಳಿ, ಉಳಿದಿರೋದರ ಫೋಟೋ ಕಳಿಸಿ. ಸೀಳಿನಲ್ಲಿ ಇಣುಕ್ತಿರೋ ಹೊಸ ಜೋಡಿ ಕಾಣೋ ಹಾಗೆ, ಹತ್ತಿರದಿಂದ ತೆಗೆಯಿರಿ. ಬಹುಶಃ ಅವರೂ ‘ನೀರು ಹಾಕಬೇಡ ಕಣೋ’ ಅಂತಲೇ ಹೇಳ್ತಾರೆ. ಈ ಗಿಡ ಚೆನ್ನಾಗಿ ನೋಡಿಕೊಂಡರೆ ಹತ್ತಾರು ವರ್ಷ ಬಾಳುತ್ತೆ. ಮಾತಾಡಿಕೊಳ್ಳೋಕೆ ನಿಮ್ಮಿಬ್ಬರಿಗೂ ಬೇಕಾದಷ್ಟು ಸಮಯ ಇದೆ.

ಈ ತಿಂಗಳು ಎಲ್ಲರಿಗೂ ಇರೋ ಕೆಲಸ ಇಷ್ಟೇ: ಲಿಥಾಪ್ಸ್ ಇರೋ ಕುಂಡದ ಮೇಲೆ ಒಂದು ಚೀಟಿ ಅಂಟಿಸಿ, ‘ಜ್ವರ, ನೀರು ಬೇಡ’ ಅಂತ ಬರೆಯಿರಿ. ನಿಮಗಲ್ಲ, ನೀವು ಡ್ಯೂಟಿಗೆ ಹೋದಾಗ ಪ್ರೀತಿಯಿಂದ ಒಂದು ಲೋಟ ನೀರು ಹಾಕಿಬಿಡೋ ರೂಮ್‌ಮೇಟ್‌ಗೆ.

ಮುಂದಿನ ಸಲ: ಬೇಸಿಗೆಯಲ್ಲಿ ನಾಲ್ಕು ದಿನ ಊರಿಗೆ ಹೋದರೆ ಕುಂಡದ ತುಳಸಿ, ಪುದೀನ ಒಣಗದ ಹಾಗೆ ನೋಡಿಕೊಳ್ಳೋದು ಹೇಗೆ. ನಿಮ್ಮ ಪ್ರಶ್ನೆ ಕಳಿಸುವಾಗ ಕಿಟಕಿ ಯಾವ ದಿಕ್ಕಿಗಿದೆ, ಕುಂಡಕ್ಕೆ ತೂತು ಇದೆಯಾ, ಕೊನೆಗೆ ನೀರು ಹಾಕಿದ್ದು ಯಾವಾಗ, ಈ ಮೂರನ್ನ ಬರೆಯೋದು ಮರೆಯಬೇಡಿ.